ಎಂಜಿನ್ ಕಂಪ್ಯೂಟರಿನ ಮೌನ: ಸಂಪರ್ಕದೋಷ ಪತ್ತೆಯ ನಾಲ್ಕು ದಶಕ

ಕಾರಿನ ಎಂಜಿನ್ ಕಂಪ್ಯೂಟರು ಸೆನ್ಸರುಗಳು ಕಳಿಸುವ ಸಂಕೇತ ಓದಿ, ಇಂಧನ ಎಷ್ಟು ಬೇಕು, ಕಿಡಿ ಯಾವಾಗ ಹಾರಬೇಕು ಎಂದು ನಿರ್ಧರಿಸುತ್ತದೆ. ಬ್ರೇಕು, ಗೇರು, ಮೀಟರು, ಬಾಗಿಲಿನ ಬೀಗ ಇವುಗಳ ಕಂಪ್ಯೂಟರುಗಳ ಜತೆಗೂ ತಂತಿಯ ಮೂಲಕ ಮಾತಾಡುತ್ತದೆ. ಆ ಮಾತು ಕಡಿದರೆ ಗಾಡಿ ಸ್ಟಾರ್ಟ್ ಆಗದಿರಬಹುದು, ಓಡುತ್ತಿರುವಾಗಲೇ ಮೀಟರಿನ ಮುಳ್ಳುಗಳು ಬೀಳಬಹುದು, ದೋಷ ಓದುವ ಸ್ಕ್ಯಾನರಿಗೆ ಉತ್ತರವೇ ಬಾರದಿರಬಹುದು. ಕಂಪ್ಯೂಟರೇ ಸುಟ್ಟಿದೆ ಎಂದು ಹೊಸದು ಹಾಕಿಸಿದರೆ ಮಾಲೀಕನ ಜೇಬಿಗೆ ದೊಡ್ಡ ಪೆಟ್ಟು. ಎಷ್ಟೋ ಸಲ ದೋಷ ಇರುವುದು ತಂತಿಯಲ್ಲಿ, ಫ್ಯೂಸಿನಲ್ಲಿ ಅಥವಾ ಅರ್ಥಿಂಗಿನಲ್ಲಿ. ಕಂಪ್ಯೂಟರಿನ ದೋಷವನ್ನೂ ಸಂಪರ್ಕದ ದೋಷವನ್ನೂ ಬೇರ್ಪಡಿಸಿ ನೋಡುವ ವಿದ್ಯೆ ಬೆಳೆದದ್ದು ಕಳೆದ ನಾಲ್ಕು ದಶಕಗಳಲ್ಲಿ.

ಕಾರ್ಬೊರೇಟರ್ ಕಾಲದಲ್ಲಿ ಮಿಸ್ತ್ರಿಯ ಬಳಿ ಟೆಸ್ಟ್ ಲ್ಯಾಂಪ್ ಇದ್ದರೆ ಸಾಕಿತ್ತು. 1981ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ತನ್ನ ಪೆಟ್ರೋಲ್ ಕಾರುಗಳಿಗೆ ಕಂಪ್ಯೂಟರ್ ನಿಯಂತ್ರಣ ತಂದಾಗ ದೋಷವನ್ನು ದೀಪವೇ ಹೇಳತೊಡಗಿತು. ಪರೀಕ್ಷಾ ಸಾಕೆಟ್ಟಿನ ಎರಡು ಪಿನ್ನುಗಳನ್ನು ತುಂಡು ತಂತಿಯಿಂದ ಜೋಡಿಸಿದರೆ ಚೆಕ್ ಎಂಜಿನ್ ದೀಪ ಮಿನುಗುತ್ತಿತ್ತು: ಒಂದು ಮಿನುಗು, ಕೊಂಚ ಬಿಡುವು, ಮತ್ತೆರಡು ಮಿನುಗು ಎಂದರೆ 12ನೇ ಸಂಕೇತ. ಆದರೆ ಒಂದೊಂದು ಕಂಪನಿಯ ಭಾಷೆ ಒಂದೊಂದಾಗಿತ್ತು.

ಆ ಗೊಂದಲ ಕಳೆದದ್ದು ಹೊಗೆಯ ಕಾನೂನಿನಿಂದ. ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಗೆ ಮೊದಲ ಒಬಿಡಿ (ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ) ನಿಯಮ ತಂದಿತು. 1996ರಲ್ಲಿ ಒಬಿಡಿ-2 ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. 16 ಪಿನ್ನಿನ ಒಂದೇ ಸಾಕೆಟ್ಟು, ಎಲ್ಲ ಕಂಪನಿಗಳಿಗೂ ಒಂದೇ ಸಂಕೇತಪದ್ಧತಿ ಬಂದವು. ಎಂಜಿನ್ ದೋಷಗಳಿಗೆ ಪಿ, ಸಂಪರ್ಕದೋಷಗಳಿಗೆ ಯು ಎಂಬ ಅಕ್ಷರ ನಿಗದಿಯಾಯಿತು. ಯು0100 ಎಂದರೆ ಎಂಜಿನ್ ಕಂಪ್ಯೂಟರಿನ ಮಾತು ಕೇಳಿಸುತ್ತಿಲ್ಲ ಎಂದು ಬೇರೊಂದು ಕಂಪ್ಯೂಟರು ಕೊಡುವ ದೂರು. ಯಾರು ಮಾತು ನಿಲ್ಲಿಸಿದ್ದಾರೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಏಕೆ ಎಂಬುದನ್ನು ಮಿಸ್ತ್ರಿಯೇ ಹುಡುಕಬೇಕು.

ಆ ಹೊತ್ತಿನ ಹಲವು ಕಾರುಗಳು ಕೆ-ಲೈನ್ ಎಂಬ ಒಂಟಿ ತಂತಿಯಲ್ಲಿ ಸೆಕೆಂಡಿಗೆ ಸುಮಾರು 10 ಸಾವಿರ ಬಿಟ್ ವೇಗದಲ್ಲಿ ಮಾತಾಡುತ್ತಿದ್ದವು. ಇದಕ್ಕಿಂತ ಬಹಳ ವೇಗದ ಕ್ಯಾನ್ ಜಾಲವನ್ನು ಜರ್ಮನಿಯ ಬಾಷ್ 1983ರಲ್ಲಿ ರೂಪಿಸತೊಡಗಿ 1986ರಲ್ಲಿ ಪ್ರಕಟಿಸಿತು.  ಕ್ಯಾನ್‌ನಲ್ಲಿ ಹೆಣೆದ ಎರಡು ತಂತಿಗಳಿರುತ್ತವೆ. ಸುಮ್ಮನಿರುವಾಗ ಎರಡರಲ್ಲೂ 2.5 ವೋಲ್ಟ್, ಮಾತಾಡುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವ ಕಂಪ್ಯೂಟರು ಎರಡರ ವ್ಯತ್ಯಾಸವನ್ನಷ್ಟೇ ಗಮನಿಸುವುದರಿಂದ ಕಿಡಿ, ಮೋಟರುಗಳ ಗದ್ದಲ ಅದನ್ನು ಅಷ್ಟಾಗಿ ಕೆಡಿಸದು.

ಭಾರತಕ್ಕೆ ಈ ತಂತ್ರಜ್ಞಾನ ಹಂತಹಂತವಾಗಿ ಬಂದ ಬಗೆ ಪುಣೆ–ಹೈದರಾಬಾದ್ ಹೆದ್ದಾರಿಯೊಂದರಲ್ಲೇ ಕಾಣುತ್ತದೆ. 1998ರ ಸ್ಯಾಂಟ್ರೋದಂಥ ಎಂಪಿಎಫ್‌ಐ (ಸಿಲಿಂಡರಿಗೊಂದು ಇಂಧನ ಇಂಜೆಕ್ಟರ್ ಇರುವ) ಕಾರುಗಳು ಕಂಪ್ಯೂಟರನ್ನು ಸಣ್ಣ ಊರುಗಳ ರಸ್ತೆಗೂ ತಂದವು. 2010ರ ಏಪ್ರಿಲ್‌ನಲ್ಲಿ ಬಿಎಸ್-4 ಎಂಬ ಹೊಗೆಮಿತಿಯ ನಿಯಮ ಮತ್ತು ಅದರೊಂದಿಗೆ ಒಬಿಡಿ ಕಡ್ಡಾಯವಾದ ನಗರಗಳಲ್ಲಿ ಪುಣೆ, ಸೊಲ್ಲಾಪುರ, ಹೈದರಾಬಾದ್ ಮೂರೂ ಇದ್ದವು. ಅದೇ ದಾರಿಯ ಉಮರ್ಗಾ ಇರಲಿಲ್ಲ, ಲಾತೂರು ಜಿಲ್ಲೆಯ ನಿಲಂಗಾ, ಉದಗೀರಗಳೂ ಇರಲಿಲ್ಲ. ನಿಯಮ ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್ 1ರಂದು. ಹೀಗಾಗಿ ಕನ್ನಡ, ಮರಾಠಿ, ಉರ್ದು ಬೆರೆತ ಈ ಗಡಿಸೀಮೆಯಲ್ಲಿ ದುಡಿಯುವ ಮಿಸ್ತ್ರಿ ಕಾರ್ಬೊರೇಟರ್, ಕೆ-ಲೈನ್, ಕ್ಯಾನ್ ಮೂರೂ ಪೀಳಿಗೆಗಳನ್ನು ಬಲ್ಲವನಾಗಿರಬೇಕಾಗುತ್ತದೆ.

ಪತ್ತೆಯ ಕ್ರಮ ಸರಳದಿಂದ ಕಠಿಣಕ್ಕೆ ಸಾಗುತ್ತದೆ. ಮೊದಲು ಬ್ಯಾಟರಿ: ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ತೀರಾ ಕುಸಿದರೆ ಒಳ್ಳೆಯ ಕಂಪ್ಯೂಟರುಗಳೂ ಮಾತು ನಿಲ್ಲಿಸಿ ಸುಳ್ಳು ದೂರುಗಳ ರಾಶಿ ಬೀಳುತ್ತದೆ. ಅವನ್ನು ಅಳಿಸಿ, ಮತ್ತೆ ಬರುವುದನ್ನಷ್ಟೇ ನಂಬಬೇಕು. ಸ್ಕ್ಯಾನರಿಗೆ ಜೀವವೇ ಬಾರದಿದ್ದರೆ ಸಾಕೆಟ್ಟಿನ 16ನೇ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜ್, 4 ಮತ್ತು 5ರಲ್ಲಿ ಅರ್ಥಿಂಗ್ ಇದೆಯೇ ನೋಡಬೇಕು. ಉಳಿದವೆಲ್ಲ ಮಾತಾಡಿ ಎಂಜಿನ್ ಕಂಪ್ಯೂಟರೊಂದೇ ಮೌನವಾಗಿದ್ದರೆ ಅದರ ಫ್ಯೂಸ್, ರಿಲೇ, ಅರ್ಥಿಂಗ್ ನೋಡಬೇಕು. ಸೆನ್ಸರುಗಳಿಗೆ ಹೋಗುವ 5 ವೋಲ್ಟಿನ ತಂತಿ ಶಾರ್ಟ್ ಆದರೂ ಕೆಲವು ಕಾರುಗಳಲ್ಲಿ ಈ ಮೌನ ಬರುತ್ತದೆ. ಆಗ ಸೆನ್ಸರುಗಳನ್ನು ಒಂದೊಂದಾಗಿ ಕಳಚಿದರೆ, ಕೆಟ್ಟದ್ದು ಕಳಚಿದೊಡನೆ ಕಂಪ್ಯೂಟರು ಉತ್ತರಿಸುತ್ತದೆ.

ಜಾಲವೇ ಸತ್ತಿದ್ದರೆ ಮಲ್ಟಿಮೀಟರು ದಾರಿ ತೋರುತ್ತದೆ. ಕ್ಯಾನ್ ಜಾಲದ ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ರೋಧಕವಿರುತ್ತದೆ. ಬ್ಯಾಟರಿ ಕಳಚಿ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದಾಗ ಸುಮಾರು 60 ಓಮ್ ಬಂದರೆ ಎರಡೂ ತುದಿ ಸರಿ. 120 ಬಂದರೆ ಎಲ್ಲೋ ತಂತಿ ತುಂಡಾಗಿದೆ ಅಥವಾ ಒಂದು ತುದಿ ಕಳಚಿದೆ. ಸೊನ್ನೆಯ ಹತ್ತಿರವಿದ್ದರೆ ಎರಡು ತಂತಿ ಒಂದಕ್ಕೊಂದು ತಗುಲಿವೆ. ಸಾಕೆಟ್ಟಿಗೂ ಜಾಲಕ್ಕೂ ನಡುವೆ ಗೇಟ್‌ವೇ ಎಂಬ ಕಂಪ್ಯೂಟರು ಇರುವ ಕಾರುಗಳಲ್ಲಿ ಮಾತ್ರ ಈ ಅಳತೆಯನ್ನು ಗೇಟ್‌ವೇಯ ಆಚೆ ತೆಗೆಯಬೇಕು. ಇನ್ನು ಹಳೆಯ ಕೆ-ಲೈನಿನಲ್ಲಿ ಇಗ್ನಿಷನ್ ಆನ್ ಮಾಡಿದಾಗ 7ನೇ ಪಿನ್ನಿನಲ್ಲಿ ಬ್ಯಾಟರಿಯ ಹತ್ತಿರದ ವೋಲ್ಟೇಜ್ ಇರಬೇಕು.

ಕಾರಣಗಳು ಕಣ್ಣಿಗೆ ಕಾಣುವಂಥವು: ಇಲಿ ಕಡಿದ ವೈರಿಂಗ್, ಮಳೆನೀರು ಇಳಿದು ಹಸಿರು ಕಿಲುಬು ಹಿಡಿದ ಪಿನ್ನು, ಮ್ಯೂಸಿಕ್ ಸಿಸ್ಟಂ ಹಾಕುವಾಗ ತಂತಿ ಸುಲಿದು ಹಾಕಿದ ಜೋಡಣೆ. ಎರೆಮಣ್ಣು ಮೆತ್ತಿದ ಅರ್ಥಿಂಗ್ ಬೋಲ್ಟನ್ನು ಬಿಚ್ಚಿ, ಉಜ್ಜಿ, ಬಿಗಿಯುವುದಕ್ಕೆ ಒಂದು ಹಾಳೆ ಮರಳುಕಾಗದ ಸಾಕು. ಕಂಪ್ಯೂಟರ್ ಬದಲಿಸಿದರೆ ಖರ್ಚಿನ ಜತೆಗೆ ಅದನ್ನು ಬೀಗದ ಕೈಯನ್ನು ಗುರುತಿಸುವ ಇಮೊಬಿಲೈಜರಿಗೆ ಹೊಂದಿಸುವ ಕೆಲಸವೂ ಸೇರುತ್ತದೆ.

2020ರ ಏಪ್ರಿಲ್‌ನ ಬಿಎಸ್-6, 2023ರ ಏಪ್ರಿಲ್‌ನ ಅದರ ಎರಡನೇ ಹಂತ ಕಾರಿನ ಸ್ವಯಂಪರೀಕ್ಷೆಯನ್ನು ಬಿಗಿಗೊಳಿಸಿವೆ. ಹೊಸ ಕಾರುಗಳಲ್ಲಿ ಯುಡಿಎಸ್ ಎಂಬ ಪ್ರಶ್ನೋತ್ತರ ಪದ್ಧತಿ, ಕೆಲವುಗಳಲ್ಲಿ ಈಥರ್ನೆಟ್ ಕೂಡ ಇವೆ. ಗೇಟ್‌ವೇಯ ಬೀಗದಿಂದಾಗಿ ಹೊರಗಿನ ಸ್ಕ್ಯಾನರಿಗೆ ಕಂಪನಿಯ ಅನುಮತಿ ಬೇಕಾಗುವ ಮಾದರಿಗಳೂ ಬಂದಿವೆ. ಆದರೂ ಮೊದಲ ಪರೀಕ್ಷೆಗಳು ಬದಲಾಗಿಲ್ಲ: ವಿದ್ಯುತ್ ಬರುತ್ತಿದೆಯೇ, ಅರ್ಥಿಂಗ್ ಗಟ್ಟಿಯಿದೆಯೇ, ತಂತಿ ಅಖಂಡವಾಗಿದೆಯೇ. ಮೂರಕ್ಕೂ ಹೌದೆಂದು ಮೀಟರು ಹೇಳಿದ ಮೇಲೆಯೇ ಕಂಪ್ಯೂಟರಿನ ಮೇಲೆ ಅನುಮಾನ ಪಡಬೇಕು.