ಬ್ರಾಡ್‌ಬ್ಯಾಂಡ್

ಮನೆಗೆ ‘ನೆಟ್ ಹಾಕಿಸಿದೆವು’ ಎನ್ನುತ್ತೇವೆ. ಬಿಲ್ಲಿನಲ್ಲಿ ಬರೆದಿರುವುದು ಬ್ರಾಡ್‌ಬ್ಯಾಂಡ್. ಬ್ರಾಡ್ ಎಂದರೆ ಅಗಲ, ಬ್ಯಾಂಡ್ ಎಂದರೆ ಪಟ್ಟಿ. ಮದುವೆ ಮೆರವಣಿಗೆಯ ಬ್ಯಾಂಡ್ ಬೇರೆ. ಇದು ರೇಡಿಯೋ ಎಂಜಿನಿಯರುಗಳ ಮಾತು, ಆವರ್ತನಗಳ ಒಂದು ಹರವು. ದೂರವಾಣಿಯ ತಾಮ್ರದ ತಂತಿಯಲ್ಲಿ ಮಾತಿಗೆ ಬೇಕಾಗಿದ್ದುದು ಸುಮಾರು 4 ಕಿಲೋಹರ್ಟ್ಸ್‌ನ ಕಿರುಪಟ್ಟಿ ಅಷ್ಟೇ. ಅದರಾಚೆ ಸುಮ್ಮನೆ ಬಿದ್ದಿದ್ದ ಅಗಲವನ್ನು ಡಿಎಸ್‌ಎಲ್ ಎಂಬ ತಂತ್ರಜ್ಞಾನ ದುಡಿಸಿಕೊಂಡಿತು. ಫೋನಿನಲ್ಲಿ ಮಾತಾಡುತ್ತಲೇ ನೆಟ್ ನೋಡುವುದು ಸಾಧ್ಯವಾಯಿತು. ಡಯಲ್-ಅಪ್ ಮೋಡೆಮ್ಮಿನ ಆ ಕೀರಲು ಸದ್ದು ನಿಂತಿತು.

ಬರಬರುತ್ತ ಪದದ ಅರ್ಥ ಅಗಲದಿಂದ ವೇಗಕ್ಕೆ ಜಾರಿತು. ನಿಘಂಟಿಗಿಂತ ಸರ್ಕಾರಿ ಅಧಿಸೂಚನೆಯೇ ಅರ್ಥ ನಿಗದಿ ಮಾಡುವ ಪದಗಳು ಅಪರೂಪ, ಇದು ಅಂಥದ್ದೊಂದು. ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ಇದ್ದರೆ ಸಾಕಿತ್ತು. 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಮೆಗಾಬಿಟ್. ಅಮೆರಿಕದ ಸಂವಹನ ನಿಯಂತ್ರಣ ಆಯೋಗ 2024ರಲ್ಲಿ ಡೌನ್‌ಲೋಡಿಗೆ 100 ಮೆಗಾಬಿಟ್ ಎಂದಿತು. ನಮ್ಮ ಅಳತೆ ಇನ್ನೂ ತೀರಾ ಕಿರಿದು.

ಕನ್ನಡದಲ್ಲಿ ‘ಅಗಲಪಟ್ಟಿ’ ಎಂದರೆ ಯಾರಿಗೂ ತಿಳಿಯದು. ಬ್ರಾಡ್‌ಬ್ಯಾಂಡ್ ನಮ್ಮದೇ ಪದವಾಗಿದೆ. ಹೊಸ ಸಂಪರ್ಕ ಪಡೆಯುವಾಗ ಜಾಹೀರಾತಿನ ‘ಗರಿಷ್ಠ ವೇಗ’ಕ್ಕೆ ಮರುಳಾಗಬೇಡಿ, ಕನಿಷ್ಠ ಎಷ್ಟು ಎಂದು ಕೇಳಿ.