ಲೈವ್ ಪ್ರೋಗ್ರಾಮಿಂಗ್

ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ಕೋಡ್ ತಿದ್ದಿ, ಪರಿಣಾಮವನ್ನು ಆ ಕ್ಷಣವೇ ಕಾಣುವ ವಿಧಾನ. ಕೊಟ್ಟ ಆಜ್ಞೆಗೆ ಕಂಪ್ಯೂಟರ್ ಬೇಗ ಉತ್ತರ ಕೊಡುವುದನ್ನೂ ಇದರೊಳಗೆ ಸೇರಿಸಿ ಹೇಳುವ ರೂಢಿಯಿದೆ. ಎರಡೂ ಬೇರೆ. ಈ ವಿಷಯದ ಇತಿಹಾಸ ಗೋಜಲಾಗಿರುವುದು ಹೆಚ್ಚಾಗಿ ಅದರಿಂದಲೇ.

ಮೊದಮೊದಲು ಕಾರ್ಡುಗಳಿಗೆ ತೂತು ಹೊಡೆದು, ಕಟ್ಟನ್ನು ಆಪರೇಟರಿಗೆ ಒಪ್ಪಿಸಿ ಗಂಟೆಗಟ್ಟಲೆ ಕಾಯಬೇಕಿತ್ತು. ಒಂದು ಕಾಮಾ ತಪ್ಪಿದರೂ ಮತ್ತೆ ಸರದಿ. 1961ರಲ್ಲಿ ಎಂಐಟಿ ಪ್ರದರ್ಶಿಸಿದ, ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಂಡು ಬಳಸುವ ಸಿಟಿಎಸ್ಎಸ್ ವ್ಯವಸ್ಥೆ ಮತ್ತು 1964ರ ಡಾರ್ಟ್‌ಮತ್ ಬೇಸಿಕ್ ಭಾಷೆ ಈ ಕಾಯುವಿಕೆಯನ್ನು ತಗ್ಗಿಸಿದವು.

ಇದರಿಂದ ಆದ ಲಾಭವನ್ನು ಅಳೆಯಲು ಹೊರಟವರು ಸಂಶೋಧಕರಾದ ಸ್ಯಾಕ್‌ಮನ್, ಎರಿಕ್‌ಸನ್ ಮತ್ತು ಗ್ರಾಂಟ್. 1968ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಟರ್ಮಿನಲ್ ಮುಂದೆ ಕೂತು ತಪ್ಪು ತಿದ್ದಿದವರಿಗೆ, ಫಲಿತಾಂಶಕ್ಕೆ ಕಾದು ತಿದ್ದಿದವರಿಗಿಂತ ಒಟ್ಟಾರೆ ಕಡಿಮೆ ಹೊತ್ತು ಸಾಕಾಯಿತು. ಜನರ ನೆನಪಿನಲ್ಲಿ ಉಳಿದದ್ದು ಬೇರೆಯೇ ಮಾತು: ಒಬ್ಬ ಪ್ರೋಗ್ರಾಮರ್‌ಗೂ ಇನ್ನೊಬ್ಬನಿಗೂ 28 ಪಟ್ಟು ಅಂತರವಿದೆ ಎಂಬ ಅಂಕಿ. ಒಬ್ಬರಿಗೆ 6 ಗಂಟೆ, ಮತ್ತೊಬ್ಬರಿಗೆ 170 ಗಂಟೆ ಹಿಡಿಯಿತು ಎಂಬುದರಿಂದ ಬಂದ ಲೆಕ್ಕವದು. ಎರಡೂ ಬಗೆಯಲ್ಲಿ ದುಡಿದವರನ್ನು ಒಂದೇ ತಕ್ಕಡಿಗೆ ಹಾಕಿದ್ದರಿಂದ ಅಂತರ ಹಿಗ್ಗಿದೆ ಎಂದು ನಂತರದ ವಿಮರ್ಶಕರು ತೋರಿಸಿದರು. ಪ್ರಯೋಗಕ್ಕೆ ಒಳಗಾದ ಅನುಭವಿಗಳು ಬರೀ 12 ಮಂದಿ. ಈ 28 ಪಟ್ಟಿನ ಅಂಕಿಯನ್ನು ಪ್ರತಿಭೆಯ ಪುರಾವೆಯೆಂದು ಉಲ್ಲೇಖಿಸುವುದು ಅಧ್ಯಯನಕ್ಕೆ ಮಾಡುವ ಅನ್ಯಾಯ.

ಇಲ್ಲಿಯವರೆಗಿನದು ಬೇಗ ಉತ್ತರ ಸಿಗುವ ಮಾತು. ಓಡುತ್ತಿರುವಾಗಲೇ ತಿದ್ದುವುದರತ್ತ ನಿಜವಾದ ತಿರುವು ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ಸ್ಮಾಲ್‌ಟಾಕ್ ಭಾಷೆ. ಅದರಲ್ಲಿ ಪರದೆ, ಕಿಟಕಿ, ಸಂಪಾದಕ ಎಲ್ಲವೂ ತಿದ್ದಬಹುದಾದ ಅದೇ ಭಾಷೆಯ ಕೋಡ್. ಒಂದು ಮೆಥಡ್ ಬದಲಿಸಿದರೆ ಅದಷ್ಟೇ ಕಂಪೈಲ್ ಆಗುತ್ತದೆ. ಮುಂದಿನ ಕರೆ ಹೊಸದಕ್ಕೇ ಹೋಗುತ್ತದೆ. 1979ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಅಲ್ಲಿಗೆ ಭೇಟಿಯಿತ್ತಾಗ, ಪಠ್ಯ ಎಗರಿ ಎಗರಿ ಸರಿಯುವುದು ಹಿಡಿಸಲಿಲ್ಲ ಎಂದರಂತೆ. ಸ್ಮಾಲ್‌ಟಾಕ್ ತಂಡದ ಡ್ಯಾನ್ ಇಂಗಾಲ್ಸ್ ಏನನ್ನೂ ನಿಲ್ಲಿಸದೆ, ಒಂದು ನಿಮಿಷದೊಳಗೆ ಅದನ್ನು ನುಣ್ಣಗೆ ಜಾರುವಂತೆ ಮಾಡಿದರೆಂದು ಅದೇ ತಂಡದ ಅಲನ್ ಕೇ ಬರೆದಿದ್ದಾರೆ. ಮೌಸ್ ಮತ್ತು ಕಿಟಕಿಗಳ ಕಥೆಯಾಗಿಯೇ ಪ್ರಚಾರ ಪಡೆದ ಆ ಭೇಟಿಯಲ್ಲಿ ಈ ಒಂದು ನಿಮಿಷಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

1990ರಲ್ಲಿ ಸ್ಟೀವನ್ ಟ್ಯಾನಿಮೋಟೊ ಈ 'ಜೀವಂತಿಕೆ'ಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. 2003ರ ಪ್ರೌಢಪ್ರಬಂಧದಲ್ಲಿ ಕ್ರಿಸ್ಟೋಫರ್ ಹ್ಯಾನ್‌ಕಾಕ್ ಕೊಟ್ಟ ಹೋಲಿಕೆ ಇನ್ನೂ ಸ್ಪಷ್ಟ: ಬಾಣವನ್ನು ಬಿಟ್ಟು, ಬಿದ್ದ ಜಾಗ ನೋಡಿ, ಮತ್ತೆ ಹೂಡಬೇಕು, ಪೈಪಿನ ನೀರನ್ನಾದರೆ ಹರಿಯುತ್ತಿರುವಾಗಲೇ ಗುರಿಗೆ ತಿರುಗಿಸಬಹುದು.

2012ರಲ್ಲಿ ಬ್ರೆಟ್ ವಿಕ್ಟರ್ ಮಾಡಿದ ಉಪನ್ಯಾಸದಿಂದಲೇ ಇದೆಲ್ಲ ಶುರುವಾಯಿತು ಎಂಬ ಬರಹಗಳು ಮೇಲಿನ ಮೂರು ದಶಕಗಳನ್ನು ಬಿಟ್ಟುಬಿಡುತ್ತವೆ. ಆದರೂ ಆ ಉಪನ್ಯಾಸದ ಪ್ರಭಾವ ದೊಡ್ಡದು. ಆಪಲ್ 2014ರಲ್ಲಿ ಸ್ವಿಫ್ಟ್ ಭಾಷೆಯ ಜೊತೆಗೆ ತಂದ ಪ್ಲೇಗ್ರೌಂಡ್ಸ್ ಸೌಲಭ್ಯದ ಮೇಲೆ ವಿಕ್ಟರ್ ವಿಚಾರಗಳ ಛಾಯೆಯಿದೆಯೆಂದು ಸ್ವಿಫ್ಟ್ ರೂಪಿಸಿದ ಕ್ರಿಸ್ ಲ್ಯಾಟ್ನರ್ ಒಪ್ಪಿಕೊಂಡಿದ್ದಾರೆ.

ಇಂದು ಆ್ಯಪ್ ಕಟ್ಟುವ ಫ್ಲಟರ್‌ನಂಥ ಸಲಕರಣೆಗಳಲ್ಲಿ ಹಾಟ್ ರಿಲೋಡ್ ದಿನಬಳಕೆಯ ಮಾತು. ಬಟನ್ನಿನ ಬಣ್ಣ ಬದಲಿಸಿ ಫೈಲ್ ಉಳಿಸಿದರೆ, ಅರ್ಧ ತುಂಬಿದ ಫಾರ್ಮ್ ಅಳಿಯದೆ ಬಣ್ಣವಷ್ಟೇ ಬದಲಾಗುತ್ತದೆ. ಎಣಿಕೆಯ ಆರಂಭದ ಮೌಲ್ಯವನ್ನು 0ಯಿಂದ 10ಕ್ಕೆ ತಿದ್ದಿದರೆ ಮಾತ್ರ ಪರದೆಯಲ್ಲಿ ಏನೂ ಬದಲಾಗದು: ಕೋಡ್ ಹೊಸದು, ಮೆಮೊರಿಯಲ್ಲಿ ಉಳಿದ ಸಂಖ್ಯೆ ಹಳೆಯದು. ಪ್ರೋಗ್ರಾಂ ಅನ್ನು ಮೊದಲಿನಿಂದ ಓಡಿಸಿದಾಗಲೇ 10 ಕಾಣಿಸುವುದು.