ಜಗತ್ತಿಗೆ ಕರ್ತೃ ಇದ್ದಾನೆಯೇ? ಜೈನ ಧರ್ಮದ ಉತ್ತರ

ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ಜೈನರ ಮನೆಗಳು ಕಡಿಮೆ. 2011ರ ಜನಗಣತಿಯ ಪ್ರಕಾರ ಇಡೀ ರಾಜ್ಯದ ಜನಸಂಖ್ಯೆಯಲ್ಲೇ ಜೈನರು ಸುಮಾರು ಶೇ. 0.72ರಷ್ಟು ಮಾತ್ರ. ಹೀಗಾಗಿ ಶಾಲೆಯಲ್ಲೋ ಅಂಗಡಿಯಲ್ಲೋ ನಮ್ಮ ಮಕ್ಕಳಿಗೆ ಒಂದು ಪ್ರಶ್ನೆ ಎದುರಾಗುತ್ತದೆ: “ನಿಮ್ಮಲ್ಲಿ ಸೃಷ್ಟಿಕರ್ತ ಇಲ್ಲವಂತೆ. ಹಾಗಾದರೆ ಈ ಜಗತ್ತನ್ನು ಮಾಡಿದವರು ಯಾರು? ನೀವು ನಾಸ್ತಿಕರೇ?”

ಇದೇ ಪ್ರಶ್ನೆ ಈಗ ವಿಜ್ಞಾನದ ಮಾತಿನಲ್ಲಿ ಮೊಬೈಲಿಗೂ ಬರುತ್ತದೆ. ಭೂಮಿ ಸೂರ್ಯನಿಂದ ಸರಿಯಾದ ದೂರದಲ್ಲಿದೆ, ಕಣ್ಣಿನ ರಚನೆ ಅದ್ಭುತವಾಗಿದೆ, ಆದ್ದರಿಂದ ಇದರ ಹಿಂದೆ ಒಬ್ಬ ಬುದ್ಧಿವಂತ ರಚನಕಾರ ಇರಲೇಬೇಕು ಎಂಬ ವಾದವದು. ದೇವರ ಪರವಾದ ಮಾತು ಎಂದು ನಮ್ಮವರೂ ಅದನ್ನು ನಾಲ್ಕು ಜನರಿಗೆ ಕಳಿಸುವುದುಂಟು. ಆದರೆ ಅದು ಜಿನವಾಣಿಯಲ್ಲ. ನಮ್ಮ ಆಚಾರ್ಯರು ಈ ವಾದವನ್ನು ಸಾವಿರ ವರ್ಷಕ್ಕೂ ಹಿಂದೆಯೇ ಪರಿಶೀಲಿಸಿ, ಕಾರಣ ಕೊಟ್ಟು ಬಿಟ್ಟಿದ್ದಾರೆ. ಆ ಕಾರಣಗಳನ್ನು ಮನೆಮಂದಿಗೆ ತಿಳಿಯುವಂತೆ ಇಲ್ಲಿ ಕೊಡಲಾಗಿದೆ.

ಸಂಕ್ಷಿಪ್ತ ಉತ್ತರ

ಜೈನ ದರ್ಶನದ ಪ್ರಕಾರ ಲೋಕ ಅನಾದಿನಿಧನ. ಅದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲ ಎಂಬ ಆರು ದ್ರವ್ಯಗಳೇ ಲೋಕ. ಇಲ್ಲಿ ಧರ್ಮ ಎಂದರೆ ಚಲನೆಗೆ ನೆರವಾಗುವ ದ್ರವ್ಯ, ಅಧರ್ಮ ಎಂದರೆ ನಿಲುಗಡೆಗೆ ನೆರವಾಗುವ ದ್ರವ್ಯ, ಪುಣ್ಯ ಪಾಪಗಳಲ್ಲ. ಈ ದ್ರವ್ಯಗಳನ್ನು ಯಾರೂ ಹುಟ್ಟಿಸಲಿಲ್ಲ, ಯಾರೂ ನಾಶಮಾಡಲಾರರು. ಅವುಗಳ ಪರ್ಯಾಯಗಳು, ಅಂದರೆ ಅವಸ್ಥೆಗಳು, ಕ್ಷಣಕ್ಷಣವೂ ಬದಲಾಗುತ್ತವೆ. ಬಳೆ ಕರಗಿಸಿ ಉಂಗುರ ಮಾಡಿದರೆ ಬಳೆ ಹೋಯಿತು, ಉಂಗುರ ಬಂತು, ಚಿನ್ನ ಉಳಿಯಿತು. ಉತ್ಪಾದ, ವ್ಯಯ, ಧ್ರೌವ್ಯ ಎಂದು ಶಾಸ್ತ್ರ ಹೇಳುವುದು ಇದನ್ನೇ.

ಗಡಿಯಾರ ಮತ್ತು ಮಡಕೆ

1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಒಂದು ಹೋಲಿಕೆ ಕೊಟ್ಟರು. ದಾರಿಯಲ್ಲಿ ಗಡಿಯಾರ ಸಿಕ್ಕರೆ ಅದನ್ನು ಮಾಡಿದವನೊಬ್ಬ ಇದ್ದಾನೆಂದು ತಿಳಿಯುತ್ತೇವೆ. ಗಡಿಯಾರಕ್ಕಿಂತ ಎಷ್ಟೋ ಜಟಿಲವಾದ ಜೀವಿಗಳಿಗೂ ಹಾಗೆಯೇ ಕರ್ತೃ ಬೇಕು ಎಂಬುದು ಅವರ ವಾದ. ಇದು ನಮ್ಮ ದೇಶಕ್ಕೆ ಹೊಸದಲ್ಲ. ನೈಯಾಯಿಕರು ಗಡಿಯಾರದ ಬದಲು ಮಡಕೆಯನ್ನು ಹಿಡಿದು ಇದನ್ನೇ ಹೇಳಿದ್ದರು: ಮಡಕೆಗೆ ಕುಂಬಾರ ಬೇಕು, ಹಾಗೆಯೇ ಬೆಟ್ಟ, ಮರ, ದೇಹಗಳಿಗೂ ಒಬ್ಬ ಕರ್ತೃ ಬೇಕು. ಉದಯನನ ನ್ಯಾಯಕುಸುಮಾಂಜಲಿ ಈ ಪಕ್ಷದ ದೊಡ್ಡ ಗ್ರಂಥ.

ಜೈನ ತಾರ್ಕಿಕರ ಆಕ್ಷೇಪ ಸರಳವಾಗಿದೆ. ಕುಂಬಾರ ಮಡಕೆ ಮಾಡುವುದನ್ನು ನಾವು ಕಂಡಿದ್ದೇವೆ, ಆದ್ದರಿಂದ ಮಡಕೆ ಕಂಡಾಗ ಕುಂಬಾರನನ್ನು ಊಹಿಸುತ್ತೇವೆ. ಬೆಟ್ಟವನ್ನು ಯಾರಾದರೂ ಮಾಡುವುದನ್ನು ಯಾರೂ ಕಂಡಿಲ್ಲ. ಮೇಲಾಗಿ ಬಿತ್ತದೆ ಬೆಳೆಯುವ ಹುಲ್ಲು ಎಲ್ಲರ ಕಣ್ಣೆದುರಿಗೇ ಇದೆ. ಅಜ್ಜಂಪುರದ ಸುತ್ತಿನ ಅಮೃತಮಹಲ್ ಕಾವಲುಗಳನ್ನು ನೋಡಿದವರಿಗೆ ಈ ಉದಾಹರಣೆ ತಕ್ಷಣ ಅರ್ಥವಾದೀತು. ಹೊಲದ ರಾಗಿಗೆ ಬಿತ್ತಿದವನಿದ್ದಾನೆ. ಕಾವಲಿನ ಹುಲ್ಲಿಗೆ ಬೀಜ, ಮಣ್ಣು, ಮಳೆ ಇವೆ, ಬಿತ್ತಿದವನಿಲ್ಲ.

ಅದೇ ಕಾವಲಿನಲ್ಲಿ ಮೇಯುವ ಅಮೃತಮಹಲ್ ದನಗಳನ್ನು ನೋಡಿ. ಮೈಸೂರು ಅರಸರ ಕಾಲದಿಂದ ಜನ ಆರಿಸಿ ಸಾಕಿದ ತಳಿ ಅದು. ಇಲ್ಲಿ ಮನುಷ್ಯನ ಬುದ್ಧಿ ಕೆಲಸ ಮಾಡಿದೆ, ನಿಜ. ಆದರೆ ಅವನು ನಿಮಿತ್ತ ಮಾತ್ರ. ಓಟ, ಬಲ, ತಾಳಿಕೆ ಆ ಪ್ರಾಣಿಯಲ್ಲೇ ಇದ್ದ ಶಕ್ತಿಗಳು; ಉಪಾದಾನ ಅಲ್ಲಿದೆ. ಕುಂಬಾರನೂ ಅಷ್ಟೇ, ಮಣ್ಣನ್ನು ಅವನು ಸೃಷ್ಟಿಸಿಲ್ಲ. ಹಾಗಾಗಿ ಈ ಹೋಲಿಕೆಯನ್ನು ಒಪ್ಪಿದರೂ ಅದರಿಂದ ಸಿಗುವುದು ಇರುವ ವಸ್ತುವನ್ನು ತಿದ್ದುವ ಒಬ್ಬ ಕುಶಲಿ. ಏನೂ ಇಲ್ಲದಲ್ಲಿ ಎಲ್ಲವನ್ನೂ ಹುಟ್ಟಿಸಿದವನಲ್ಲ.

ಜಿನಸೇನಾಚಾರ್ಯರ ಪ್ರಶ್ನೆಗಳು

ಈ ಚರ್ಚೆಯ ಅತ್ಯಂತ ಪ್ರಸಿದ್ಧ ರೂಪ ನಮ್ಮ ಕನ್ನಡ ನಾಡಿನಲ್ಲೇ ಹುಟ್ಟಿತು. ವೀರಸೇನಾಚಾರ್ಯರ ಶಿಷ್ಯರೂ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಗೌರವಕ್ಕೆ ಪಾತ್ರರೂ ಆದ ಜಿನಸೇನಾಚಾರ್ಯರು 837ರಲ್ಲಿ ಜಯಧವಳಾ ಟೀಕೆಯನ್ನು ಪೂರ್ಣಗೊಳಿಸಿದರು. ಅವರ ಸಂಸ್ಕೃತ ಆದಿಪುರಾಣದ 4ನೆಯ ಪರ್ವದಲ್ಲಿ ಲೋಕಸ್ವರೂಪದ ವಿವರಣೆಯ ನಡುವೆ ಸೃಷ್ಟಿವಾದದ ಪರಿಶೀಲನೆ ಬರುತ್ತದೆ. ಅವರು ಎತ್ತುವ ಪ್ರಶ್ನೆಗಳ ಸಾರ ಹೀಗಿದೆ:

• ಸೃಷ್ಟಿಗೆ ಮೊದಲು ಸೃಷ್ಟಿಕರ್ತ ಎಲ್ಲಿದ್ದ? ಯಾವ ಆಧಾರದ ಮೇಲೆ ಇದ್ದ?

• ಸಾಮಗ್ರಿ ಇಲ್ಲದೆ ಹೇಗೆ ಮಾಡಿದ? ಸಾಮಗ್ರಿಯನ್ನೂ ಅವನೇ ಮಾಡಿದ ಎಂದರೆ ಅದನ್ನು ಯಾವುದರಿಂದ ಮಾಡಿದ?

• ಅವನಿಗೆ ಕರ್ತೃ ಬೇಡ ಎಂದಾದರೆ ಜಗತ್ತಿಗೆ ಮಾತ್ರ ಏಕೆ ಬೇಕು?

• ಅವನು ಪರಿಪೂರ್ಣನಾಗಿದ್ದರೆ ಸೃಷ್ಟಿಸುವ ಬಯಕೆ ಏಕೆ ಹುಟ್ಟಿತು? ಅಪೂರ್ಣನಾಗಿದ್ದರೆ ಇಷ್ಟು ದೊಡ್ಡ ಕೆಲಸ ಅವನಿಂದ ಹೇಗಾಯಿತು?

• ಲೀಲೆಗಾಗಿ ಮಾಡಿದ ಎಂದರೆ ಅದು ಮಕ್ಕಳಾಟ. ಕರುಣೆಯಿಂದ ಮಾಡಿದ ಎಂದರೆ ಜೀವಿಗಳಿಗೆ ಇಷ್ಟು ದುಃಖ ಏಕೆ?

• ಜೀವಿಗಳ ಕರ್ಮಕ್ಕೆ ತಕ್ಕಂತೆ ಮಾಡಿದ ಎಂದರೆ ಕೆಲಸ ನಡೆಸುವುದು ಕರ್ಮವೇ, ನಡುವೆ ಅವನೇಕೆ?

ಇವು ಕುಚೋದ್ಯದ ಪ್ರಶ್ನೆಗಳಲ್ಲ. ಒಂದೊಂದೂ ಎದುರುಪಕ್ಷದ ಒಂದೊಂದು ಸಮರ್ಥನೆಗೆ ಕೊಟ್ಟ ಉತ್ತರ. ವಿದ್ಯಾನಂದಾಚಾರ್ಯರ ಆಪ್ತಪರೀಕ್ಷೆಯೂ ಈಶ್ವರಕರ್ತೃತ್ವವನ್ನು ವಿಸ್ತಾರವಾಗಿ ಪರೀಕ್ಷಿಸುತ್ತದೆ. ಜಿನಸೇನರ ಪುರಾಣದ ದಾರಿಯಲ್ಲೇ ಪಂಪ 941ರಲ್ಲಿ ಕನ್ನಡ ಆದಿಪುರಾಣವನ್ನು ರಚಿಸಿದ. ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ 1980ರ ತಮ್ಮ ‘ಕಾಸ್ಮೋಸ್’ ಪುಸ್ತಕದಲ್ಲಿ ಜಿನಸೇನರ ಈ ಭಾಗವನ್ನು ಉದ್ಧರಿಸಿದ್ದಾರೆ.

ಹಾಗಾದರೆ ಈ ವ್ಯವಸ್ಥೆ ಎಲ್ಲಿಂದ ಬಂತು?

ಕೆಮ್ಮಣ್ಣುಗುಂಡಿಯಲ್ಲಿ ಮಳೆ ಧಾರಾಕಾರ. ಗಿರಿಸಾಲಿನ ಆಚೆ ಕಡೂರಿನ ಬಯಲಿನಲ್ಲಿ ಮಳೆಗಾಗಿ ಕಾಯುವ ರೈತ. ತರೀಕೆರೆಯವರನ್ನು ಮೆಚ್ಚಿ, ಕಡೂರಿನವರ ಮೇಲೆ ಮುನಿದು ಯಾರೂ ಹೀಗೆ ಹಂಚಿಲ್ಲ. ಪಶ್ಚಿಮದ ಗಾಳಿ ಹೊತ್ತು ತಂದ ತೇವ ಬೆಟ್ಟವೇರುವಾಗ ತಣಿದು ಸುರಿಯುತ್ತದೆ, ಆಚೆ ಇಳಿಯುವ ಗಾಳಿಯಲ್ಲಿ ನೀರು ಉಳಿದಿರುವುದಿಲ್ಲ. ಗಾಳಿ, ನೀರು, ಬೆಟ್ಟ ತಮ್ಮ ತಮ್ಮ ಸ್ವಭಾವದಂತೆ ನಡೆದುದರ ಫಲ ಇದು. ಇಲ್ಲಿ ನಿಯಮ ಇದೆ, ನಿಯಾಮಕನಿಲ್ಲ.

ಆ ನಿಯಮವನ್ನು ಇಟ್ಟವನು ಯಾರು ಎಂದು ಮತ್ತೆ ಕೇಳಬಹುದು. ಅದು ನ್ಯಾಯವಾದ ಪ್ರಶ್ನೆಯೇ. ಜೈನ ಉತ್ತರ ಇದು: ವಸ್ತು ಮೊದಲು, ಸ್ವಭಾವ ಆಮೇಲೆ ಎಂಬುದಿಲ್ಲ. ಬಿಸಿ ಇಲ್ಲದ ಬೆಂಕಿ ಮೊದಲಿದ್ದು, ಯಾರೋ ಬಂದು ಅದಕ್ಕೆ ಬಿಸಿ ತುಂಬಿದ್ದಲ್ಲ. ಗುಣವಿಲ್ಲದ ದ್ರವ್ಯವೇ ಇಲ್ಲವಾದ್ದರಿಂದ ಗುಣವನ್ನು ಹೊರಗಿನಿಂದ ಕೊಡುವವನ ಅಗತ್ಯವೂ ಇಲ್ಲ.

ಕರ್ಮಕ್ಕೆ ನ್ಯಾಯಾಧೀಶ ಬೇಡವೇ?

ಬೇಡ. ಜೈನರಲ್ಲಿ ಕರ್ಮ ಎಂದರೆ ಕೇವಲ ಲೆಕ್ಕವಲ್ಲ. ಅದು ಸೂಕ್ಷ್ಮ ಪುದ್ಗಲ. ರಾಗ ದ್ವೇಷಗಳಿಂದ ಜೀವಕ್ಕೆ ಅಂಟುತ್ತದೆ, ಕಾಲ ಬಂದಾಗ ಫಲ ಕೊಟ್ಟು ಉದುರುತ್ತದೆ. ಮದ್ಯ ಕುಡಿದವನಿಗೆ ಅಮಲೇರಿಸಲು ಯಾರೂ ತೀರ್ಪು ಕೊಡಬೇಕಿಲ್ಲ.

ಈ ತತ್ತ್ವ ಕಷ್ಟಕಾಲದಲ್ಲಿ ಪರೀಕ್ಷೆಗೆ ಬರುತ್ತದೆ. ಎಳೆಯ ಮಗು ಕಾಯಿಲೆಯಿಂದ ನರಳುವಾಗ ‘ದೇವರು ಹೀಗೇಕೆ ಮಾಡಿದ’ ಎಂದು ಮನಸ್ಸು ಕೇಳುತ್ತದೆ. ಜೈನ ಧರ್ಮ ಆ ಆರೋಪದಿಂದ ಭಗವಂತನನ್ನು ಬಿಡಿಸುತ್ತದೆ. ಅರ್ಹಂತರು ಯಾರಿಗೂ ರೋಗ ಕೊಡುವವರಲ್ಲ. ಆದರೆ ಆ ಮನೆಗೆ ಹೋಗಿ ‘ಎಲ್ಲಾ ನಿಮ್ಮ ಕರ್ಮ’ ಎಂದು ಹೇಳಿ ಬರುವುದು ಧರ್ಮವಲ್ಲ. ಅನುಕಂಪೆ ಸಮ್ಯಕ್ತ್ವದ ಲಕ್ಷಣಗಳಲ್ಲಿ ಒಂದು, ಔಷಧದಾನ ನಾಲ್ಕು ದಾನಗಳಲ್ಲಿ ಒಂದು. ಉದಯಕ್ಕೆ ಬಂದ ಕರ್ಮದ ಜೊತೆಗೆ ಪುರುಷಾರ್ಥವೂ ಇದೆ. ವೈದ್ಯರು, ಔಷಧಿ, ಪಕ್ಕದಲ್ಲಿ ಕೂರುವ ಬಂಧು, ಇವೆಲ್ಲವೂ ನಿಮಿತ್ತಗಳೇ. ಸೃಷ್ಟಿಕರ್ತ ನೋಡಿಕೊಳ್ಳುತ್ತಾನೆ ಎಂದು ಬಿಡುವ ಅವಕಾಶ ಇಲ್ಲದವನಿಗೆ ನೆರೆಯವನ ನೋವಿನ ಹೊಣೆ ಇನ್ನೂ ಹೆಚ್ಚು.

ಪೂಜೆ ಯಾರಿಗೆ, ಏತಕ್ಕೆ?

ಕರ್ತೃ ಇಲ್ಲ ಎಂದರೆ ದೇವರಿಲ್ಲ ಎಂದಲ್ಲ. ಕರ್ಮಗಳನ್ನು ಗೆದ್ದ ಅರ್ಹಂತರು, ಸಿದ್ಧರು ನಮಗೆ ದೇವರು. ಅವರು ವರ ಕೊಡುವುದಿಲ್ಲ, ಶಾಪವನ್ನೂ ಕೊಡುವುದಿಲ್ಲ. ಅವರ ಗುಣಗಳು ನಮ್ಮಲ್ಲಿ ಬರಲಿ ಎಂದು ಪೂಜಿಸುತ್ತೇವೆ. ಪೂಜೆಯಲ್ಲಿ ಶುದ್ಧವಾಗುವುದು ನಮ್ಮ ಪರಿಣಾಮ, ಅಂದರೆ ನಮ್ಮ ಭಾವ. ನಮ್ಮದೇ ಜಿಲ್ಲೆಯ ನರಸಿಂಹರಾಜಪುರದ ಜ್ವಾಲಾಮಾಲಿನಿ ಅಮ್ಮನವರಿಗೆ ನಡೆದುಕೊಳ್ಳುವ ಮನೆಗಳು ಬಹಳ. ಆ ತಾಯಿ ಚಂದ್ರಪ್ರಭ ತೀರ್ಥಂಕರರ ಯಕ್ಷಿ, ಶಾಸನದೇವತೆ, ಲೋಕವನ್ನು ಸೃಷ್ಟಿಸಿದವಳಲ್ಲ. ಈ ವ್ಯತ್ಯಾಸ ಮಕ್ಕಳಿಗೆ ತಿಳಿದಿರಲಿ.

ಆತ್ಮ, ಪುನರ್ಜನ್ಮ, ಪುಣ್ಯಪಾಪ, ಮೋಕ್ಷ ಇವನ್ನೆಲ್ಲ ಒಪ್ಪುವವರು ನಾಸ್ತಿಕರಾಗಲಾರರು. ಈ ಶ್ರದ್ಧೆಯ ಬಲ ಎಷ್ಟೆಂದು ತಿಳಿಯಲು ದೂರ ಹೋಗಬೇಕಿಲ್ಲ. ಕಡೂರಿನ 971ರ ಶಾಸನದಲ್ಲಿ ಗಂಗ ಬೂತುಗನ ಅಕ್ಕ ಪಾಂಬಬ್ಬೆಯ ಹೆಸರಿದೆ. ರಾಜಮನೆತನದ ಆಕೆ ಕೇಶಲೋಚ ಮಾಡಿಕೊಂಡು, 30 ವರ್ಷ ತಪಸ್ಸು ಮಾಡಿ, ಪಂಚವ್ರತಗಳನ್ನು ಪಾಲಿಸಿ ದೇಹ ಬಿಟ್ಟರು. ಯಾವ ಕರ್ತೃವೂ ಬಂದು ಎತ್ತಿಕೊಳ್ಳುವುದಿಲ್ಲ, ದಾರಿಯನ್ನು ತಾನೇ ನಡೆಯಬೇಕು ಎಂಬ ಧರ್ಮದಲ್ಲಿ ನಡೆದ ಬಾಳು ಅದು.

ವಿಜ್ಞಾನದ ವಿಷಯದಲ್ಲಿ ಎಚ್ಚರ

1859ರಲ್ಲಿ ಚಾರ್ಲ್ಸ್ ಡಾರ್ವಿನ್ ಜೀವಿಗಳ ರಚನೆಗೆ ನಿಸರ್ಗದ ಆಯ್ಕೆ ಎಂಬ ವಿವರಣೆ ಕೊಟ್ಟ ಮೇಲೆ ಪೇಲಿಯ ವಾದ ಸಡಿಲವಾಯಿತು. ಅದನ್ನೇ ಹೊಸ ಹೆಸರಿನಲ್ಲಿ ಶಾಲೆಗೆ ತರಲು ಅಮೆರಿಕದ ಡೋವರ್ ಎಂಬಲ್ಲಿ ಪ್ರಯತ್ನ ನಡೆದಾಗ, ಅದು ವಿಜ್ಞಾನವಲ್ಲ ಎಂದು 2005ರಲ್ಲಿ ನ್ಯಾಯಾಲಯ ತೀರ್ಪು ನೀಡಿತು. ಆ ವಾದವನ್ನು ಸಾಲ ತಂದು ನಮ್ಮ ಧರ್ಮವನ್ನು ಕಾಯಬೇಕಾಗಿಲ್ಲ.

ಹಾಗೆಂದು ‘ವಿಜ್ಞಾನ ಜೈನ ಧರ್ಮವನ್ನು ಸಾಬೀತು ಮಾಡಿದೆ’ ಎನ್ನುವುದೂ ಸರಿಯಲ್ಲ. ಈಗ ಕಾಣುವ ವಿಶ್ವದ ವಿಸ್ತರಣೆ ಸುಮಾರು 1,380 ಕೋಟಿ ವರ್ಷಗಳ ಹಿಂದೆ ಆರಂಭವಾಯಿತೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಅದಕ್ಕೂ ಹಿಂದೆ ಏನಿತ್ತೆಂಬುದು ಇನ್ನೂ ತೀರ್ಮಾನವಾಗದ ಪ್ರಶ್ನೆ. ಆದ್ದರಿಂದ ಅದು ಸೃಷ್ಟಿಕರ್ತನಿಗೂ ಸಾಕ್ಷಿಯಲ್ಲ, ಅನಾದಿ ಲೋಕಕ್ಕೂ ಸಾಕ್ಷಿಯಲ್ಲ. ಜಂಬೂದ್ವೀಪದ ವರ್ಣನೆ, ಉತ್ಸರ್ಪಿಣಿ ಅವಸರ್ಪಿಣಿಗಳ ಕಾಲಚಕ್ರ ನಮ್ಮ ಆಗಮ ಪರಂಪರೆಯ ವಿಷಯ. ಶಾಲೆಯ ಭೂಗೋಳ, ಜೀವಶಾಸ್ತ್ರ ಬೇರೆ ವಿಧಾನದಿಂದ ಬಂದದ್ದು. ಎರಡನ್ನೂ ಕಲಸಿ ಹೇಳಿದರೆ ಮಕ್ಕಳು ಒಂದು ದಿನ ಎರಡನ್ನೂ ಅನುಮಾನಿಸುತ್ತಾರೆ.

ನೆರೆಹೊರೆಯವರೊಂದಿಗೆ

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೆತ್ತಿರುವ ಒಂದು ಪ್ರಸಿದ್ಧ ಶ್ಲೋಕ, ಒಬ್ಬನೇ ದೇವನನ್ನು ಬೇರೆ ಬೇರೆ ಮತದವರು ಬೇರೆ ಬೇರೆ ಹೆಸರಿನಿಂದ ಆರಾಧಿಸುತ್ತಾರೆ ಎಂದು ಹೇಳುತ್ತದೆ. ಅದರಲ್ಲಿ ‘ಕರ್ತೃ’ ಎಂಬ ಹೆಸರು ಬರುವುದು ನೈಯಾಯಿಕರ ಪಾಲಿಗೆ. ಜೈನರ ಪಾಲಿಗೆ ‘ಅರ್ಹಂತ’ ಎಂದಿದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಆ ಶ್ಲೋಕವೂ ಅವರವರ ಮಾತನ್ನು ಅವರವರಿಗೇ ಉಳಿಸಿದೆ. ನಾವು ಹಿಡಿಯಬೇಕಾದ ರೀತಿಯೂ ಅದೇ. ಅನೇಕಾಂತವೆಂದರೆ ನಮ್ಮ ಸಿದ್ಧಾಂತವನ್ನು ಮುಚ್ಚಿಡುವುದಲ್ಲ, ಇನ್ನೊಬ್ಬರ ನಂಬಿಕೆಯನ್ನು ಹೀಯಾಳಿಸುವುದೂ ಅಲ್ಲ.

ಮಗು ಮನೆಗೆ ಬಂದು ಆ ಪ್ರಶ್ನೆ ಕೇಳಿದರೆ ಇಷ್ಟು ಹೇಳಿಕೊಡಿ: “ಜಗತ್ತನ್ನು ಯಾರೂ ಮಾಡಲಿಲ್ಲ, ಅದು ಯಾವಾಗಲೂ ಇದೆ. ನಮ್ಮ ಸುಖ ದುಃಖಗಳಿಗೆ ನಾವೇ ಹೊಣೆ. ಗೆದ್ದವರಿಗೆ ಕೈಮುಗಿಯುತ್ತೇವೆ, ನಾವೂ ಗೆಲ್ಲಬಹುದು ಎಂಬುದಕ್ಕಾಗಿ.”

ಜೈ ಜಿನೇಂದ್ರ.